ಸತು ಬೆರೆತರೆ ಕಾಂತತ್ವ ಕುಗ್ಗಲೇಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಫೆರೈಟ್‌ಗಳ (ಕಬ್ಬಿಣದ ಆಕ್ಸೈಡ್‌ನೊಂದಿಗೆ ಬೇರೆ ಲೋಹದ ಆಕ್ಸೈಡ್ ಸೇರಿದ ಸಂಯುಕ್ತಗಳ) ಕುರಿತು ಬಂದ ಬರಹ ಸ್ವಾಗತಾರ್ಹ. ಆದರೆ ಸತುವಿಗೆ ಕಾಂತಗುಣವಿಲ್ಲದ ಕಾರಣ ನಿಕಲ್ ಫೆರೈಟ್‌ಗೆ ಅದನ್ನು ಬೆರೆಸಿದಷ್ಟೂ ಕಾಂತತ್ವ ಕುಗ್ಗುತ್ತದೆ ಎಂದು ಅದರಲ್ಲಿ ಹೇಳಿರುವುದು ಸರಿಯಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಪಠ್ಯದಾಚೆಗಿನ ವಿಜ್ಞಾನಕ್ಕೆ ಇಂಥ ಪುಟಗಳನ್ನೇ ನೆಚ್ಚಿಕೊಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫೆರೈಟ್‌ನ ಸ್ಪಿನೆಲ್ ಎಂಬ ಹರಳಿನ ರಚನೆಯಲ್ಲಿ ಆಮ್ಲಜನಕದ ಅಯಾನುಗಳು ಒತ್ತೊತ್ತಾಗಿ ಜೋಡಣೆಗೊಂಡಿದ್ದು, ಅವುಗಳ ನಡುವೆ ನಾಲ್ಕು ಆಮ್ಲಜನಕಗಳು ಸುತ್ತುವರಿದ ತೆರವುಗಳಲ್ಲಿ ಕೆಲವು, ಆರು ಸುತ್ತುವರಿದ ತೆರವುಗಳಲ್ಲಿ ಕೆಲವು ಲೋಹದ ಅಯಾನುಗಳು ನೆಲೆಸುತ್ತವೆ. ಈ ಎರಡು ಗುಂಪುಗಳ ಕಾಂತೀಯ ದಿಕ್ಕುಗಳು ಪರಸ್ಪರ ವಿರುದ್ಧವಾಗಿದ್ದು, ನಮಗೆ ದೊರೆಯುವುದು ಅವುಗಳ ವ್ಯತ್ಯಾಸ ಮಾತ್ರವೆಂದು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ 1948ರಲ್ಲಿ ವಿವರಿಸಿದರು. ನಿಕಲ್ ಫೆರೈಟ್‌ನಲ್ಲಿ ಕಬ್ಬಿಣವು ಎರಡೂ ಕಡೆ ಸಮನಾಗಿ ಹಂಚಿಹೋಗಿ ತನ್ನನ್ನು ತಾನೇ ರದ್ದುಗೊಳಿಸಿಕೊಳ್ಳುವುದರಿಂದ ಉಳಿಯುವುದು ನಿಕಲ್‌ನ 2 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತತ್ವವನ್ನು ಅಳೆಯುವ ಮಾನ) ಮಾತ್ರ. ಸತುವಾದರೋ ನಾಲ್ಕರ ಸ್ಥಾನವನ್ನೇ ಹಿಡಿಯುತ್ತದೆ; ಅಲ್ಲಿದ್ದ ಕಬ್ಬಿಣ ಆರರ ಸ್ಥಾನಕ್ಕೆ ಸರಿಯುತ್ತದೆ; ವ್ಯತ್ಯಾಸ ಹಿಗ್ಗುತ್ತದೆ. ನಿಕಲ್‌ನ ಐದನೆಯ ಒಂದು ಪಾಲಿನ ಬದಲಿಗೆ ಸತು ಬಂದರೆ, ನೀಲ್ ಲೆಕ್ಕದಂತೆ, 2 ಇದ್ದದ್ದು 3.6 ಆಗಬೇಕು. ಅತಿ ಕಡಿಮೆ ತಾಪಮಾನದ ಅಳತೆಗಳಲ್ಲಿ ಈ ಏರಿಕೆ ಕಂಡುಬಂದಿದೆ. ಸತುವಿನ ಪಾಲು ಅರ್ಧದ ಆಸುಪಾಸಿಗೆ ಬಂದಾಗ ಮಾತ್ರ, ನಾಲ್ಕರ ಸ್ಥಾನದ ಗುಂಪು ತೀರ ಬಡವಾಗಿ, ಆರರ ಸ್ಥಾನದವುಗಳನ್ನು ಒಂದೇ ದಿಕ್ಕಿನಲ್ಲಿ ಹಿಡಿದಿಡಲಾಗದೆ, ಇಳಿಕೆ ಆರಂಭವಾಗುತ್ತದೆ. ಕ್ಯೂರಿ ತಾಪಮಾನವಂತೂ (ಅದನ್ನು ದಾಟಿದರೆ ವಸ್ತು ತನ್ನ ಕಾಂತತ್ವ ಕಳೆದುಕೊಳ್ಳುವ ತಾಪಮಾನ) ಸತು ಹೆಚ್ಚಿದಂತೆ ಮೊದಲಿನಿಂದಲೇ ಇಳಿಯುತ್ತದೆ. ಲೇಖಕರ ಮನಸ್ಸಿನಲ್ಲಿ ಬಹುಶಃ ಅದೇ ಇದ್ದಿರಬಹುದು. (ಮಂಗಳೂರು ಆಕಾಶವಾಣಿಯನ್ನು ನಮ್ಮ ಮನೆಗಳಿಗೆ ತಲುಪಿಸುತ್ತಿದ್ದ ರೇಡಿಯೊಗಳೊಳಗಿನ ಆಂಟೆನಾದ ಕಪ್ಪು ಕಡ್ಡಿಯೂ ಸಾಮಾನ್ಯವಾಗಿ ಸತು ಬೆರೆತ ಫೆರೈಟೇ.)

ತಯಾರಿಕೆಯ ವಿಷಯವನ್ನು ಬರಹ ಮುಟ್ಟಿಯೇ ಇಲ್ಲ, ಇದು ದೊಡ್ಡ ಕೊರತೆ. ಆಕ್ಸೈಡ್ ಪುಡಿಗಳನ್ನು ಅರೆದು, ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ನಿಧಾನವಾಗಿ ತಣಿಸಿದ, ನಿಕಲ್ ಇಲ್ಲದ ಸತು ಫೆರೈಟ್ ಕೋಣೆಯ ತಾಪಮಾನದಲ್ಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದನ್ನೇ ನೈಟ್ರೇಟ್ ಮತ್ತು ಸಿಟ್ರಿಕ್ ಆಮ್ಲದ ದ್ರಾವಣದಿಂದ ಜೆಲ್ ಮಾಡಿ, ಉರಿಸಿ, ನ್ಯಾನೊ ಗಾತ್ರದ ಪುಡಿಯಾಗಿ ಪಡೆದರೆ, ಒಂದಿಷ್ಟು ಸತು ಆರರ ಸ್ಥಾನಕ್ಕೂ ಸೇರಿ, ಅಷ್ಟು ಕಬ್ಬಿಣ ನಾಲ್ಕರ ಸ್ಥಾನಕ್ಕೆ ಬಂದು, ಪುಡಿ ಅಯಸ್ಕಾಂತದತ್ತ ಸೆಳೆಯಲ್ಪಡಬಹುದು. ಕ್ಷ-ಕಿರಣ ಪರೀಕ್ಷೆಯಲ್ಲಿ ಎರಡೂ ಸ್ಪಿನೆಲ್ ಎಂದೇ ತೋರುತ್ತವೆ. ಆದ್ದರಿಂದ ಮುಂದಿನ ಕಂತಿನಲ್ಲಿ ಸೂತ್ರದ ಜೊತೆಗೆ ತಯಾರಿಕೆಯ ವಿಧಾನವನ್ನೂ ಕಾಯಿಸಿದ ತಾಪಮಾನವನ್ನೂ ನಮೂದಿಸುವಂತೆ ಲೇಖಕರಿಗೆ ತಿಳಿಸಬೇಕಾಗಿ ವಿನಂತಿ.

— ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ