ಬ್ಯಾಟರಿ ಟರ್ಮಿನಲ್ ತಪಾಸಣೆಯ ಕ್ರಮ ಬದಲಾಗಿದೆ: ಗ್ರಾಹಕರಿಗೆ ಪತ್ರ

ಕಾರವಾರ

ಮಾನ್ಯ ಗ್ರಾಹಕರೇ,

ಪೆಟ್ರೋಲ್ ಎಂಜಿನ್ ಇಳಿಸಿ ಮೋಟಾರು, ಬ್ಯಾಟರಿ ಕೂರಿಸಿಕೊಂಡ ತಮ್ಮ ಕಾರುಗಳಿಗೆ ಪ್ರತಿ ಮೇ ತಿಂಗಳಿನಲ್ಲಿ ನಾವು ಮಾಡಿಕೊಡುತ್ತ ಬಂದಿರುವ ಟರ್ಮಿನಲ್ ತಪಾಸಣೆಯ ಕ್ರಮವನ್ನು ಈ ಮಳೆಗಾಲದಿಂದ ಬದಲಿಸುತ್ತಿದ್ದೇವೆ. ಕರಾವಳಿಯಲ್ಲಿ ಓಡಾಡುವ ಕಾರುಗಳಿಗೆ ಇನ್ನು ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮುನ್ನ ಒಮ್ಮೆ ಮತ್ತು ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ, ತಪಾಸಣೆ ಆಗಬೇಕು. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ದಿನ ಬೇಕಾಗುತ್ತದೆ, ಶುಲ್ಕವೂ ಒಂದು ಸಲಕ್ಕೆ 500 ರೂಪಾಯಿಯಿಂದ 1,200 ರೂಪಾಯಿಗೆ ಏರುತ್ತದೆ. ಕಾರಣ ಹೇಳದೆ ದರ ಏರಿಸುವುದು ನಮ್ಮ ರೂಢಿಯಲ್ಲ. ಈ ಬದಲಾವಣೆಯ ಮೂಲದಲ್ಲಿ ನಮ್ಮದೇ ತಪ್ಪೊಂದು ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಗ್ರಾಹಕರೊಬ್ಬರ ಹಳೆಯ ಮಾರುತಿ 800 ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದ ಅರ್ಧದಲ್ಲಿ ನಿಂತುಬಿಟ್ಟಿತು. ಅದರಲ್ಲಿರುವುದು 6 ವೋಲ್ಟಿನ 16 ಲೆಡ್ ಆಸಿಡ್ ಬ್ಯಾಟರಿಗಳು, ಒಟ್ಟು 96 ವೋಲ್ಟ್. ಡಿಕ್ಕಿ ತೆರೆದರೆ ರಬ್ಬರು ಸುಟ್ಟ ವಾಸನೆ. ಒಂದು ಪೋಸ್ಟಿನ (ಕೇಬಲ್ ಜೋಡಿಸುವ ಸೀಸದ ಟರ್ಮಿನಲ್ ಗೂಟದ) ಸೀಸ ಕರಗಿ, ಬ್ಯಾಟರಿಯ ಮುಚ್ಚಳದ ಮೇಲೆ ಇಳಿದು, ಮೆಣಸಿನ ಕಾಳಿನಂತೆ ಅಲ್ಲಲ್ಲಿ ಹೆಪ್ಪುಗಟ್ಟಿತ್ತು. ಆ ಕಾರಿನ ಪ್ರತಿಯೊಂದು ನಟ್ಟಿಗೂ ಮೇ ತಿಂಗಳಿನಲ್ಲಿ ಸ್ಪ್ಯಾನರ್ ಹಾಕಿ ನೋಡಿ, 'ಬಿಗಿ ಇದೆ' ಎಂದು ಕಾರ್ಡಿನಲ್ಲಿ ಬರೆದುಕೊಟ್ಟವರು ನಾವೇ. ನಟ್ಟು ಬಿಗಿಯಾಗಿಯೇ ಇತ್ತು. ಕಾರನ್ನು ಎಳೆತಂದು ಉಳಿದ ಪೋಸ್ಟುಗಳನ್ನು ಬಿಚ್ಚಿದಾಗ, ಇನ್ನೂ ಮೂರು ಕಡೆ ಪೋಸ್ಟಿಗೂ ಕೇಬಲ್ಲಿನ ಲಗ್ಗಿಗೂ (ತುದಿಯಲ್ಲಿನ ತೂತುಳ್ಳ ಲೋಹದ ತುಂಡಿಗೂ) ನಡುವೆ ಒಂದೊಂದು ಸ್ಟೇನ್‌ಲೆಸ್ ವಾಷರ್ ಕುಳಿತಿರುವುದು ಕಂಡಿತು. ಮನೆಯಂಗಳದಲ್ಲಿ ಬ್ಯಾಟರಿ ಜೋಡಿಸುವಾಗ, ಲಗ್ಗಿನ ಮೇಲೆ ಬರಬೇಕಾದ ವಾಷರ್ ಕೈತಪ್ಪಿ ಕೆಳಗೆ ಸೇರಿಕೊಂಡಿತ್ತು. ಆದರೆ ಮೂರು ವರ್ಷ ಅದರ ಮೇಲೆಯೇ ಬಿಗಿ ಮಾಡುತ್ತ ಬಂದ ಹೊಣೆ ನಮ್ಮದು. ಆ ಬ್ಯಾಟರಿಯನ್ನು ನಮ್ಮ ಖರ್ಚಿನಲ್ಲಿ ಬದಲಿಸಿಕೊಟ್ಟಿದ್ದೇವೆ.

ಸ್ಟೇನ್‌ಲೆಸ್ ಉಕ್ಕು ವಿದ್ಯುತ್ತಿಗೆ ತಾಮ್ರಕ್ಕಿಂತ ಸುಮಾರು 40 ಪಟ್ಟು ಹೆಚ್ಚು ತಡೆ ಒಡ್ಡುತ್ತದೆ. ಅದರ ಎರಡೂ ಮುಖಗಳಿಗೆ ಸಮುದ್ರದ ಉಪ್ಪುಗಾಳಿಯೂ ಆಸಿಡ್ಡಿನ ಆವಿಯೂ ಸೇರಿ ಕಿಲುಬು ಕಟ್ಟಿದರೆ ಆ ಒಂದು ಜೋಡಣೆಯ ತಡೆ 1 ಮಿಲಿಓಮ್ ಮುಟ್ಟುವುದು ಕಷ್ಟವಲ್ಲ. ಕೇಳಲು ಅದು ಏನೂ ಅಲ್ಲ. ಕೊಡಿಬಾಗದ ಸಮತಟ್ಟು ರಸ್ತೆಯಲ್ಲಿ 50 ಆಂಪಿಯರ್ ಹರಿಯುವಾಗ ಅಲ್ಲಿ ಹುಟ್ಟುವ ಶಾಖ ಎರಡೂವರೆ ವ್ಯಾಟ್ ಮಾತ್ರ, ಕೈಗೆ ತಿಳಿಯುವುದೂ ಇಲ್ಲ. ಅದೇ ಕಾರು ಘಟ್ಟ ಹತ್ತುತ್ತ 200 ಆಂಪಿಯರ್ ಎಳೆದರೆ, ಕರೆಂಟು ನಾಲ್ಕು ಪಟ್ಟಾದಾಗ ಶಾಖ ಹದಿನಾರು ಪಟ್ಟಾಗುವುದರಿಂದ, 40 ವ್ಯಾಟ್. ಎಂದರೆ ಬೆಸುಗೆ ಹಾಕುವ ಕಾವಿನ ಕಡ್ಡಿಯೊಂದನ್ನು ಪೋಸ್ಟಿಗೆ ಒತ್ತಿಹಿಡಿದಂತೆ. ಶಾಖಕ್ಕೆ ಮೆತ್ತಗಾದ ಸೀಸ ನಟ್ಟಿನ ಒತ್ತಡಕ್ಕೆ ಜರುಗುತ್ತದೆ, ಹಿಡಿತ ಸಡಿಲುತ್ತದೆ, ತಡೆ ಇನ್ನಷ್ಟು ಏರುತ್ತದೆ. ಕೊನೆಗೆ 327 ಡಿಗ್ರಿ ಸೆಲ್ಸಿಯಸ್‌ಗೆ ಸೀಸ ಕರಗುತ್ತದೆ.

ಸ್ಪ್ಯಾನರಿಗೆ ಇದಾವುದೂ ಗೊತ್ತಾಗುವುದಿಲ್ಲ. ವರ್ಷವರ್ಷವೂ ನಟ್ಟಿಗೆ ಕಾಲು ಸುತ್ತು ಹೆಚ್ಚು ಕೊಡುವ ನಮ್ಮ ಹಳೆಯ ಅಭ್ಯಾಸ ಸೀಸದ ಪೋಸ್ಟನ್ನು ಚಪ್ಪಟೆ ಮಾಡಿದ್ದೇ ಹೆಚ್ಚು. ಆದ್ದರಿಂದ ಇನ್ನು ಮೊದಲು ಅಳೆಯುತ್ತೇವೆ: ನಾವೇ ಕಟ್ಟಿಕೊಂಡ ನೈಕ್ರೋಮ್ ತಂತಿಯ ಲೋಡ್ ಪೆಟ್ಟಿಗೆಯಿಂದ 50 ಆಂಪಿಯರ್ ಎಳೆಯುತ್ತ, ಒಂದು ಬ್ಯಾಟರಿಯ ಪೋಸ್ಟಿನಿಂದ ಮುಂದಿನದರ ಪೋಸ್ಟಿಗೆ ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಎಂದು ನೋಡುತ್ತೇವೆ. ಮೀಟರಿನ ಮೊನೆಯನ್ನು ಲಗ್ಗಿನ ಮೇಲಲ್ಲ, ಸೀಸದ ಮೇಲೆಯೇ ಒತ್ತಬೇಕು. ಇಲ್ಲದಿದ್ದರೆ ನಮಗೆ ಬೇಕಾದ ಜೋಡಣೆಯೇ ಅಳತೆಯಿಂದ ತಪ್ಪಿಹೋಗುತ್ತದೆ. ಎಲ್ಲ ಕಡೆ 13 ತೋರಿಸುವ ಮೀಟರು ಒಂದೆಡೆ 63 ತೋರಿಸಿದರೆ ದೋಷ ಅಲ್ಲಿದೆ. ಬಳಿಕ, 16 ಬ್ಯಾಟರಿಯ ಕಾರಾದರೆ, 32 ಪೋಸ್ಟುಗಳನ್ನೂ ಬಿಚ್ಚಿ, ಅಡುಗೆ ಸೋಡಾದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಒಂದು ಹನಿಯೂ ಬ್ಯಾಟರಿಯೊಳಗೆ ಇಳಿಯದಂತೆ ಒರೆಸಿ, ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಒಣಗಿಸಿ, ಲಗ್ಗನ್ನು ನೇರ ಸೀಸದ ಮೇಲೆ ಕೂರಿಸಿ, ಟಾರ್ಕ್ ರೆಂಚಿನಿಂದ ಬ್ಯಾಟರಿ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ, ಆಮೇಲೆ ಹೊರಗಿನಿಂದ ವ್ಯಾಸಲಿನ್ ಹಚ್ಚಿ, ಮತ್ತೊಮ್ಮೆ ಅಳೆಯುತ್ತೇವೆ. ಮೊದಲೇ ಗ್ರೀಸ್ ಹಚ್ಚಿ ಬಿಗಿ ಮಾಡುವವರೂ ಇದ್ದಾರೆ. ತೆಳುವಾಗಿ ಹಚ್ಚಿದರೆ ಬಾಧಕವಿಲ್ಲ, ಆದರೆ ತೆಳುವಾಗಿ ಹಚ್ಚುವವರನ್ನು ನಾವು ಅಷ್ಟಾಗಿ ಕಂಡಿಲ್ಲ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿಸಿಕೊಂಡವರಿಗೆ ಆಸಿಡ್ಡಿನ ಕಾಟವಿಲ್ಲ. ಅಲ್ಲಿನ ತೊಂದರೆ ಅಲ್ಯೂಮಿನಿಯಂ ಟರ್ಮಿನಲ್ಲಿನದು: ಉಜ್ಜಿದ ಕ್ಷಣದಿಂದಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟತೊಡಗುತ್ತದೆ. ಆದುದರಿಂದ ಅಲ್ಲಿ ಮಾತ್ರ ಉಜ್ಜಿದ ಕೂಡಲೇ ಆಕ್ಸೈಡ್ ತಡೆಯುವ ಪೇಸ್ಟನ್ನು ತೆಳುವಾಗಿ ಸವರಿ, ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ ಕೂರಿಸುತ್ತೇವೆ. ಆ ಟರ್ಮಿನಲ್ಲಿನ ಸಣ್ಣ ತಿರುಪಿನ ಮರೆ (ಥ್ರೆಡ್) ಕಿತ್ತುಬಂದರೆ ಸೆಲ್ಲೇ ಹೋದಂತೆ, ಹಾಗಾಗಿ ದಯವಿಟ್ಟು ಮನೆಯಲ್ಲಿ ಕೈಯಂದಾಜಿನಲ್ಲಿ ತಿರುಗಿಸಬೇಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಗ್ರಾಹಕರಿಗೆ ಉಪ್ಪುಗಾಳಿಯ ಕಾಟ ಇಲ್ಲದ್ದರಿಂದ ದೀಪಾವಳಿಯ ಹೊತ್ತಿನ ಒಂದು ತಪಾಸಣೆ ಸಾಕು. ಆದರೆ ವಾರವಾರವೂ ಘಟ್ಟ ಇಳಿದು ಹತ್ತುವವರು ಎರಡನ್ನೂ ಮಾಡಿಸುವುದು ಒಳ್ಳೆಯದು. ಕಾರನ್ನು ಪೂರ್ತಿ ಚಾರ್ಜ್ ಮಾಡಿ ಹಿಂದಿನ ದಿನ ಸಂಜೆಯೇ ತಂದುಬಿಡಬೇಕು. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ರಾತ್ರಿಯೆಲ್ಲ ಗಾಳಿಗೆ ಚದುರಿದ ಮೇಲೆಯೇ ನಾವು ಸ್ಪ್ಯಾನರ್ ಮುಟ್ಟುತ್ತೇವೆ. ಕೆಲಸ ಮುಗಿದ ಮೇಲೆ 'ಬಿಗಿ ಇದೆ' ಎಂಬ ಬರಹದ ಬದಲು ಪ್ರತಿ ಜೋಡಣೆಯ ಮಿಲಿವೋಲ್ಟ್ ಅಂಕಿ ಬರೆದ ಕಾರ್ಡು ತಮ್ಮ ಕೈಸೇರುತ್ತದೆ. ಅದನ್ನು ಜೋಪಾನವಾಗಿಟ್ಟು ಮುಂದಿನ ಸಲ ತಂದರೆ ಯಾವ ಅಂಕಿ ಏರಿದೆ ಎಂದು ಕೂಡಲೇ ತಿಳಿಯುತ್ತದೆ.

ಈ ವರ್ಷದ 500 ರೂಪಾಯಿಯನ್ನು ಮುಂಗಡವಾಗಿ ಕೊಟ್ಟವರಿಗೆ ಮೇ ತಿಂಗಳಿನ ತಪಾಸಣೆಯನ್ನು ಹೊಸ ಕ್ರಮದಲ್ಲಿ ಅದೇ ಹಣಕ್ಕೆ ಮಾಡಿಕೊಡುತ್ತೇವೆ. ದಿನಕ್ಕೆ ಒಂದೇ ಕಾರು ಹಿಡಿಯುವುದರಿಂದ, ಮೃಗಶಿರ ಮಳೆ ಬೀಳುವ ಮುಂಚೆ ಆಗಬೇಕೆನ್ನುವವರು ದಯವಿಟ್ಟು ಈಗಲೇ ದಿನ ಗೊತ್ತುಮಾಡಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಪಾಲುದಾರರು