ಫುಲ್ ಸರ್ವಿಸ್ ಅಂತ ಹಣ ತೆಗೆದುಕೊಂಡು ಮೀನು ಹಿಡಿಯುವ ರೀಲ್ ಕೆಡಿಸಿದ್ದೀರಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಬೇಟ್‌ಕಾಸ್ಟಿಂಗ್ ರೀಲ್ (ಗಾಳದ ದಾರ ಸುತ್ತುವ ಯಂತ್ರ) ಸರ್ವಿಸ್ ಬಗ್ಗೆ ದೂರು

ನಮಸ್ಕಾರ. ಸರ್ವಿಸ್ ಆದ ಮೇಲೆ ರೀಲ್ ಕೆಟ್ಟಿದೆ ಎಂದಾಗ ಫೋನಿನಲ್ಲಿ ನಿಮ್ಮವರು ಕೊಟ್ಟ ಉತ್ತರ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. "ಸಮುದ್ರದಲ್ಲಿ ಬಳಸಿದ್ರೆ ಹಾಗೇ ಆಗೋದು ಸರ್" ಅಂತೆ. ಮಲ್ಪೆಯವನು ಗಾಳ ಹಾಕಲು ಮತ್ತೆಲ್ಲಿಗೆ ಹೋಗಬೇಕು? ಉಪ್ಪು ನೀರಿಗೆ ಆಗುತ್ತದೆ ಅಂತ ಹೇಳಿಯೇ ನೀವು ಈ ರೀಲ್ ಮಾರಿದ್ದು.

ಕೊಡುವಾಗ ದೊಡ್ಡ ತೊಂದರೆ ಏನೂ ಇರಲಿಲ್ಲ. ಸುತ್ತುವಾಗ ಕರಕರ ಶಬ್ದ ಬರುತ್ತಿತ್ತು, ಅಷ್ಟೇ. ಮಳೆಗಾಲ ಮುಗಿದು ಕೋಡಿಬೆಂಗ್ರೆ ಅಳಿವೆಯಲ್ಲಿ ನೀರು ತಿಳಿಯಾಗುವಷ್ಟರಲ್ಲಿ ರೆಡಿ ಇರಲಿ ಅಂತ ಕೊಟ್ಟೆ. ಬಿಲ್ಲಿನಲ್ಲಿ 'ಪೂರ್ತಿ ಬಿಚ್ಚಿ, ತೊಳೆದು, ಆಯಿಲ್, ಗ್ರೀಸ್' ಎಂದು ಬರೆದು 1,450 ರೂಪಾಯಿ ತೆಗೆದುಕೊಂಡಿದ್ದೀರಿ. ವಾಪಸ್ ಬಂದಾಗ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು, ಅದನ್ನು ಒಪ್ಪುತ್ತೇನೆ.

ಎಸೆದು ನೋಡಿದರೆ ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಮೊದಲಿನ ಅರ್ಧ ದೂರಕ್ಕೂ ಹೋಗಲಿಲ್ಲ. ಸ್ಪೂಲಿನ ಬಿಗಿ ಹೊಂದಿಸುವ ಟೆನ್ಶನ್ ನಾಬ್ ಸಡಿಲ ಮಾಡಿದೆ (ಸ್ಪೂಲ್ ಅಂದರೆ ದಾರ ಸುತ್ತಿರುವ ಉರುಳೆ), ಬ್ರೇಕ್ ಪೂರ್ತಿ ಕಡಿಮೆ ಮಾಡಿದೆ, ಏನೂ ಬದಲಾಗಲಿಲ್ಲ. ಆಮೇಲೆ ಒಂದು ಒಳ್ಳೆ ಕೆಂಬೇರಿ ಮೀನು ಕಚ್ಚಿತು. ರಾಡ್ ಎತ್ತಿ ಎಳೆದ ಕೂಡಲೇ ಹ್ಯಾಂಡಲ್ ಹಿಂದಕ್ಕೆ ತಿರುಗಿ ಬೆರಳಿನ ಗಂಟಿಗೆ ಬಡಿಯಿತು. ಕೆಂಬೇರಿಗೆ ಒಂದು ಮೊಳ ದಾರ ಸಡಿಲ ಸಿಕ್ಕರೆ ಸಾಕು, ಸೀದಾ ಕಲ್ಲಿನ ಸಂದಿಗೆ ನುಗ್ಗುತ್ತದೆ. ನುಗ್ಗಿತು. ಮೀನೂ ಹೋಯಿತು, ಲೂರೂ ಹೋಯಿತು.

ಬಾಕ್ಸಿನ ಜೊತೆ ಬಂದ ಪಾರ್ಟ್ಸ್ ಚಿತ್ರ ಎದುರಿಗೆ ಹರವಿಕೊಂಡು ಮನೆಯಲ್ಲಿ ನಾನೇ ಬಿಚ್ಚಿದೆ. ಮೊದಲ ಸ್ಕ್ರೂನಿಂದ ಕೊನೆಯವರೆಗೆ ವಿಡಿಯೋ ಇದೆ, ಹಾಗಾಗಿ 'ನೀವು ಬಿಚ್ಚಿದ್ದಕ್ಕೇ ಹಾಳಾಯ್ತು' ಎಂಬ ಮಾತು ಬೇಡ. ಸ್ಪೂಲಿನ ಎರಡೂ ಬದಿಯ ಬೇರಿಂಗಿಗೆ ಮದುವೆ ಊಟದಲ್ಲಿ ತುಪ್ಪ ಬಡಿಸಿದ ಹಾಗೆ ಗ್ರೀಸ್ ಸುರಿದಿದ್ದೀರಿ. ಅಲ್ಲಿಗೆ ಗ್ರೀಸ್ ಯಾಕೆ? ಎಸೆಯುವಾಗ ಸ್ಪೂಲ್ ತಿರುಗುವುದೇ ಆ ಬೇರಿಂಗ್‌ಗಳ ಮೇಲೆ. ಅವಕ್ಕೆ ತೆಳು ಎಣ್ಣೆ ಒಂದು ಹನಿ ಸಾಕು. ಗ್ರೀಸ್ ಬೇಕಾಗಿರುವುದು ಮೇನ್ ಗಿಯರ್ ಮತ್ತು ಪಿನಿಯನ್ ಗಿಯರಿನ ಹಲ್ಲುಗಳಿಗೆ. ಅಲ್ಲಿ ನೋಡಿದರೆ ಒಣಗಿಹೋಗಿದೆ! ಒಂದು ಬೇರಿಂಗನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅಲ್ಲಾಡಿಸಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಟ್ಟೆ. ಪೆನ್ಸಿಲ್ ತುದಿಗೆ ಸಿಕ್ಕಿಸಿ ಬೆರಳಲ್ಲಿ ತಟ್ಟಿದರೆ ಸುಯ್ ಅಂತ ತಿರುಗುತ್ತಲೇ ಇತ್ತು. ಇನ್ನೊಂದು ತೊಳೆದರೂ ಕಚಕಚ ಎನ್ನುತ್ತಿದೆ, ಒಳಗೆ ತುಕ್ಕು. ಅದನ್ನು ಬದಲಾಯಿಸುವುದು ಬಿಟ್ಟು ಗ್ರೀಸ್ ಹಾಕಿ ಶಬ್ದ ಮುಚ್ಚಿದ್ದೀರಿ, ಅಲ್ವಾ?

ಹ್ಯಾಂಡಲ್ ಹಿಂದಕ್ಕೆ ಬಂದ ಕಾರಣವೂ ಸಿಕ್ಕಿತು. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಆಂಟಿ ರಿವರ್ಸ್ ಬೇರಿಂಗಿನ ಒಳಗೂ ಅದೇ ಹಳದಿ ಗ್ರೀಸ್. ಅದರಲ್ಲಿ ಸೂಜಿಯ ಹಾಗಿನ ಸಣ್ಣ ರೋಲರ್‌ಗಳಿವೆ, ಹಿಂದಕ್ಕೆ ತಿರುಗಿಸಿದರೆ ಅವು ನಡುವಿನ ಕೊಳವೆಯನ್ನು ಬಿಗಿಯಾಗಿ ಹಿಡಿಯಬೇಕು. ದಪ್ಪ ಗ್ರೀಸಿನಲ್ಲಿ ರೋಲರ್ ಅಂಟಿಕೊಂಡರೆ ಹಿಡಿಯುವುದೆಲ್ಲಿಂದ ಬಂತು, ಜಾರುತ್ತದೆ.

ಇಷ್ಟಾದರೂ ಗೊತ್ತಿಲ್ಲದೆ ಮಾಡಿದರು ಅಂತ ಸುಮ್ನೆ ಇರಬಹುದಿತ್ತು. ಆದರೆ ಲೆವೆಲ್ ವೈಂಡ್ ಬಿಚ್ಚಿದಾಗ ನಿಜಕ್ಕೂ ಸಿಟ್ಟು ಬಂತು. ದಾರವನ್ನು ಆಚೆ ಈಚೆ ಸಮನಾಗಿ ಸುತ್ತಿಸುವ ಭಾಗ ಅದು. ಅದರ ವರ್ಮ್ ಶಾಫ್ಟಿನ (ತಿರುಪಿನ ಹಾಗಿನ ದಂಡದ) ತೋಡಿನಲ್ಲಿ ಹಳೇ ಕಪ್ಪು ಗ್ರೀಸ್, ಅದರೊಳಗೆ ಮರಳು, ಮತ್ತೆ ನನ್ನ ಹಳೇ ಹಸಿರು ಬ್ರೇಡ್ ದಾರದ ಒಂದು ಎಳೆ. ಹೊಸ ದಾರ ನೀಲಿ ಬಣ್ಣದ್ದು, ಸರ್ವಿಸಿಗೆ ಕೊಡುವಾಗಲೇ ಅದು ಸುತ್ತಿತ್ತು. ಅಂದರೆ ಕರಕರ ಶಬ್ದ ಎಲ್ಲಿಂದ ಬರುತ್ತಿತ್ತೋ ಆ ಜಾಗವನ್ನು ನೀವು ಮುಟ್ಟಿಯೇ ಇಲ್ಲ. ಪಿನಿಯನ್ ಗಿಯರನ್ನು ಸ್ಪೂಲಿಗೆ ಸೇರಿಸುವ ಯೋಕ್ ಕೆಳಗೆ ಎರಡು ಸಣ್ಣ ಸ್ಪ್ರಿಂಗ್ ಇರಬೇಕು, ಒಂದೇ ಇದೆ. ಬಿಚ್ಚುವಾಗ ಚಿಮ್ಮಿ ನಿಮ್ಮ ಮೇಜಿನ ಕೆಳಗೆಲ್ಲೋ ಬಿದ್ದಿರಬೇಕು. ಎಸೆದ ಮೇಲೆ ಕೆಲವೊಮ್ಮೆ ಹ್ಯಾಂಡಲ್ ತಿರುಗಿದರೂ ಸ್ಪೂಲ್ ತಿರುಗದೇ ಇದ್ದದ್ದು ಇದಕ್ಕೇ.

ಉಪ್ಪು ನೀರು ತುಕ್ಕು ಹಿಡಿಸಬಹುದು. ಬೇರಿಂಗಿಗೆ ಗ್ರೀಸ್ ತುಂಬಿಸುವುದಿಲ್ಲ, ಸ್ಪ್ರಿಂಗ್ ಕದಿಯುವುದೂ ಇಲ್ಲ. ಪ್ರತಿ ಸಲ ಬಂದ ಮೇಲೆ ಸಿಹಿ ನೀರು ಸಣ್ಣಗೆ ಬಿಟ್ಟು ತೊಳೆದು, ದಾರದ ಬಿಗಿ ಹಿಡಿಯುವ ಡ್ರ್ಯಾಗ್ ಸಡಿಲ ಮಾಡಿ ಒಣಗಿಸಿಯೇ ಒಳಗಿಡುತ್ತೇನೆ.

ನನಗೆ ಬೇಕಾದದ್ದು ಇಷ್ಟು. ತುಕ್ಕು ಹಿಡಿದ ಸ್ಪೂಲ್ ಬೇರಿಂಗ್, ಆಂಟಿ ರಿವರ್ಸ್ ಬೇರಿಂಗ್, ಯೋಕ್ ಸ್ಪ್ರಿಂಗ್, ಮೂರೂ ಕಂಪನಿಯ ಅಸಲಿ ಪಾರ್ಟ್ಸ್ ಕಳಿಸಿ, ಕೊರಿಯರ್ ಖರ್ಚು ನಿಮ್ಮದು. ಜೋಡಿಸುವುದನ್ನು ನಾನೇ ಮಾಡಿಕೊಳ್ಳುತ್ತೇನೆ, ಮತ್ತೆ ನಿಮ್ಮ ಕೈಗೆ ಕೊಡುವ ಧೈರ್ಯ ಇಲ್ಲ. ಮಾಡದ ಸರ್ವಿಸಿನ 1,450 ರೂಪಾಯಿ ವಾಪಸ್ ಹಾಕಿ. ಲೂರಿನ ದುಡ್ಡು ಕೇಳುತ್ತಿಲ್ಲ, ಮೀನಿನದ್ದಂತೂ ನೀವು ಕೊಡುವಂಥದ್ದಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗ ಇದೆ. ನಿಮ್ಮ ಆಫೀಸ್ ಬೆಂಗಳೂರಿನಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಉಡುಪಿ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಓಡಾಟ ನಿಮಗೇ. ಬಿಲ್, ಫೋಟೋ, ವಿಡಿಯೋ ಈ ಪತ್ರದ ಜೊತೆಗಿವೆ.

ಇತಿ,
ಮಲ್ಪೆಯ ನಿಮ್ಮ ಗ್ರಾಹಕ