ಕಲ್ಲಂಗಡಿ ಸ್ಪರ್ಧೆ: ದಿನಚರಿಗೂ ಅಂಕ ಸಿಗಲಿ

ಮಾನ್ಯ ಸಂಪಾದಕರೇ,

ಎಳೆಯರಿಗಾಗಿ ಏರ್ಪಡಿಸುವ ದೈತ್ಯ ಕಲ್ಲಂಗಡಿ ಬೆಳೆಯುವ ಸ್ಪರ್ಧೆಗಳಲ್ಲಿ ತೂಕದ ಯಂತ್ರ ತೋರಿಸುವ ಅಂಕಿಯೊಂದರಿಂದಲೇ ಬಹುಮಾನ ನಿರ್ಧಾರವಾಗುತ್ತಿದೆ. ಮಕ್ಕಳು ಬರೆದಿಟ್ಟ ಕೃಷಿ ದಿನಚರಿಗೂ ಅಂಕಗಳನ್ನು ಮೀಸಲಿಡಬೇಕೆಂದು ಸಂಘಟಕರನ್ನು ನಾನು ಈ ಪತ್ರದ ಮೂಲಕ ಕೋರುತ್ತೇನೆ.

ಕಲ್ಲಂಗಡಿ ಬಳ್ಳಿಯಲ್ಲಿ ಸಾಮಾನ್ಯವಾಗಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಹೀಚು ಇರುತ್ತದೆ. ಹೂ ಅರಳಿರುವುದು ಒಂದೇ ದಿನವಾದ್ದರಿಂದ, ಬೆಳಗಿನ ಹೊತ್ತಿನಲ್ಲಿ ಜೇನುನೊಣ ಸುಳಿಯದಿದ್ದರೆ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಬೆಳೆಗಾರರೇ ಹೆಣ್ಣು ಹೂವಿಗೆ ಸವರಬೇಕಾಗುತ್ತದೆ. ಕಾಯಿ ಕಚ್ಚಿದ ಮೇಲೆ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕಿತ್ತುಹಾಕುವ ಕೆಲಸ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ್ದು. ಆದರೆ ಎಲೆಗಳು ತಯಾರಿಸಿದ ಆಹಾರವೆಲ್ಲ ಒಂದೇ ಕಾಯಿಗೆ ಹರಿಯದೆ ಅದು ಆ ಗಾತ್ರಕ್ಕೆ ಬೆಳೆಯುವುದಿಲ್ಲ. ಅಮೆರಿಕದ ಟೆನೆಸ್ಸೀ ರಾಜ್ಯದ ಬೆಳೆಗಾರರೊಬ್ಬರು 2013ರಲ್ಲಿ 159 ಕೆ.ಜಿ. ತೂಕದ ಹಣ್ಣು ಬೆಳೆದು ವಿಶ್ವದಾಖಲೆ ಮಾಡಿದರು. ‘ಕೆರೊಲಿನಾ ಕ್ರಾಸ್’ನಂತಹ ದೊಡ್ಡ ಗಾತ್ರದ ತಳಿಯ ಬೀಜ ಸಿಕ್ಕರೂ ಇಂತಹ ಆರೈಕೆಯಿಲ್ಲದೆ ಹಣ್ಣು ಅಷ್ಟು ತೂಗುವುದಿಲ್ಲ.

ಹನ್ನೆರಡು ವರ್ಷದ ನನ್ನ ಮಗಳು ಇಂತಹದೊಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಕಾಯಿ ಕೊಳೆಯದಂತೆ ಅದರಡಿ ಮರಳು ಹಾಸಿದ್ದಳು, ಕಾಯಿ ಉಬ್ಬಿದಂತೆ ತೊಟ್ಟು ಜಗ್ಗದಿರಲೆಂದು ಬಳ್ಳಿಯನ್ನು ಸಡಿಲ ಬಿಟ್ಟಿದ್ದಳು, ದಿನವೂ ಬೆಳಿಗ್ಗೆ ಟೇಪು ಸುತ್ತಿ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದಳು. ಸ್ಪರ್ಧೆಗೆ ನಾಲ್ಕು ದಿನ ಇರುವಾಗ ರಾತ್ರಿಯಿಡೀ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಹಣ್ಣು ತೊಟ್ಟಿನಿಂದ ನಡುವಿನವರೆಗೆ ಬೆರಳು ತೂರುವಷ್ಟು ಬಿರಿದು, ಕೆಂಪು ತಿರುಳಿನ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ಅವಳು ಅತ್ತಳು, ಆಮೇಲೆ ಪುಸ್ತಕ ತೆರೆದು ಹಿಂದಿನ ಪುಟಗಳನ್ನು ನೋಡಿ, “ಐದು ದಿನ ನೀರು ಹಾಕಿರಲಿಲ್ಲ, ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಸಿಕ್ಕಿದ್ದರಿಂದ ಒಡೆಯಿತು” ಎಂದು ಬರೆದಳು. ಕಾರಣವನ್ನು ಅವಳಾಗಿಯೇ ಕಂಡುಕೊಂಡಿದ್ದಳು. ಒಡೆದ ಹಣ್ಣಿಗೆ ಪ್ರವೇಶವಿಲ್ಲವೆಂಬ ನಿಯಮದಿಂದಾಗಿ ಆ ಪುಸ್ತಕವನ್ನು ಯಾರೂ ನೋಡಲಿಲ್ಲ.

ಆ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಬಿರುಕಿನಿಂದ ರಸ ಸೋರಿದ ಹಣ್ಣನ್ನು ಇಡೀ ಹಣ್ಣುಗಳ ಜೊತೆ ತೂಗುವುದು ಸಾಧ್ಯವೂ ಇಲ್ಲ. ಆದರೆ ತೂಕವೊಂದನ್ನೇ ನೋಡಿದರೆ ಬಳ್ಳಿಯ ಆರೈಕೆ ಮಾಡಿದ್ದು ಮಗುವೋ ಮನೆಯ ಹಿರಿಯರೋ ಎಂಬುದು ತಿಳಿಯುವುದೇ ಇಲ್ಲ. ದಿನಚರಿಯನ್ನು ಮುಂದಿಟ್ಟುಕೊಂಡು ತೀರ್ಪುಗಾರರು ಐದು ನಿಮಿಷ ಮಾತನಾಡಿಸಿದರೆ, ಹೀಚನ್ನು ಯಾವಾಗ ಕಿತ್ತೆ, ಹಣ್ಣಾಗಿದೆಯೆಂದು ಹೇಗೆ ತಿಳಿದೆ ಎಂದು ಕೇಳಿದರೆ, ತೊಟ್ಟಿನ ಪಕ್ಕದ ಸುರುಳಿ ಬಳ್ಳಿ ಒಣಗುವುದನ್ನೂ ನೆಲಕ್ಕೆ ತಾಗಿದ ಭಾಗ ಹಳದಿಗೆ ತಿರುಗುವುದನ್ನೂ ಕಣ್ಣಾರೆ ಕಂಡ ಮಗು ತಡವರಿಸದೆ ಉತ್ತರಿಸುತ್ತದೆ.

ಸ್ಪರ್ಧಿಗಳೆಲ್ಲರಿಗೂ ಒಂದೇ ತಳಿಯ ಬೀಜವನ್ನು ಸಂಘಟಕರೇ ಹಂಚಲಿ, ಬೀಜದ ಜೊತೆಗೆ ಒಂದು ಖಾಲಿ ಪುಸ್ತಕವನ್ನೂ ಕೊಡಲಿ. ಹಣ್ಣು ಒಡೆದುಹೋದ ಮಕ್ಕಳೂ ಸ್ಪರ್ಧೆಯ ದಿನ ಆ ಪುಸ್ತಕ ಹಿಡಿದು ತೀರ್ಪುಗಾರರ ಮುಂದೆ ಬರುವಂತಾಗಲಿ.

ಇತಿ,
ಓರ್ವ ಓದುಗ